ದೇವರು ಹೋದ ಮ್ಯಾಲ ಮಳಿ ಹೆಂಗ ಬಂತ್ರಿ?

ಮುಧೋಳದ ಓದುಗರಿಗೆ ಶರಣ್ರಿ. ನಿಮ್ಮ ನಾಕು ಪೇಜಿನ ಪತ್ರ ಮುಟ್ಟೇತಿ, ಅದರಾಗ ಮೂರು ಪೇಜ್ ಬೈಗುಳ, ಇರ್ಲಿ ಬಿಡ್ರಿ. ನಿಮ್ಮ ತಕರಾರು ಏನಪಾ ಅಂದ್ರ, ನಮ್ಮ ಫ್ಯಾಂಟಸಿ ಧಾರಾವಾಹಿಯೊಳಗ ಏಳೂ ದೇವರು ಮನಷ್ಯಾರ ಜಗಳಕ್ಕ ಬ್ಯಾಸತ್ತು, ಇನ್ನ ನಿಮ್ಮ ಉಸಾಬರಿ ನಮಗ ಬ್ಯಾಡಂತ ಆಣಿ ಮಾಡಿ ಹೋಗಿಬಿಟ್ಟಾರ, ಆದ್ರ ಮೂರನೇ ಕಂತಿನ್ಯಾಗ ಹೊಳಿದೇವಿ ಕದ್ದು ಮಳಿ ಸುರಸ್ತಾಳ, ಹೋದವ್ರು ಹೋದ್ರು ಅಂದಮ್ಯಾಲ ಇದು ಮೋಸ ಅಲ್ಲೇನು ಅಂತ.

ತಪ್ಪು ನಂದರೀ. ಮಳಿ ತಾನ ಬಂತು, ಪೂಜಾರಿ ಅದನ್ನ ದೇವಿ ಲೆಕ್ಕಕ್ಕ ಬರ್ಕೊಂಡ ಅಂತ ಲೇಖಕರು ಎರಡು ಸಾಲು ಬರದಿದ್ರು, ಪೇಜ್ ತುಂಬೇತಿ ಅಂತ ರಾತ್ರಿ ಹನ್ನೆರಡಕ್ಕ ಪ್ರೂಫ್ ನೋಡ್ತಾ ನಾನ ಕತ್ತರಿ ಹಾಕಿದೆ. ಕಥಿ ಜೀವಾನ ಅಲ್ಲಿತ್ತು ಅಂತ ನಿಮ್ಮ ಪತ್ರ ಓದಿದ ಮ್ಯಾಲ ಗೊತ್ತಾತು. ದೇವರು ಹೋದ್ರ ಪೂಜಾರಿ ಕೆಲಸ ಹೋಗೂದಿಲ್ರಿ, ಹೆಚ್ಚಾಗತೈತಿ, ಯಾಕಂದ್ರ 'ನಾ ಹಂಗ ಅಂದಿಲ್ಲೋ ಮಾರಾಯಾ' ಅನ್ನಾಕ ಈಗ ಮ್ಯಾಲ ಯಾರೂ ಇಲ್ಲ.

ಆದ್ರ ದೇವರು ಹೋದ ದಿನ ಸಿಡಲಿಲ್ಲ ಗುಡುಗಿಲ್ಲ, ಸಪ್ಪಗ ಆಗೇತಿ ಅಂದೀರಲ್ಲ, ಅದನ್ನ ನಾ ಒಪ್ಪಂಗಿಲ್ಲ. ಮಹಾಭಾರತದ ಮೌಸಲ ಪರ್ವ ತಗೀರಿ. ಯುದ್ಧ ಆಗಿ 36 ವರ್ಷಕ್ಕ ಯಾದವರು ತಮ್ಮತಮ್ಮೊಳಗ ಹೊಡದಾಡಿ ಸತ್ರು, ಕೃಷ್ಣನೂ ಹೋದ, ಅರ್ಜುನ ದ್ವಾರಕಾದ ಹೆಣ್ಮಕ್ಕಳನ್ನ ಕರ್ಕೊಂಡು ಹೊಂಟಾನ, ದಾರ್ಯಾಗ ಬಡಿಗಿ ಹಿಡ್ಕೊಂಡ ಆಭೀರರು ಬಂದು ಮ್ಯಾಲ ಬಿದ್ರು. ಗಾಂಡೀವಕ್ಕ ಹೆದಿ ಏರಸಾಕ ತಿಣಕ್ಯಾಡ್ತಾನ, ಅಸ್ತ್ರದ ಮಂತ್ರ ನೆನಪಿಗೇ ಬರವೊಲ್ಲವು, ತೀರಲಾರದ ಬತ್ತಳಿಕಿ ತೀರತೈತಿ, ಕಡೀಕ ಬಿಲ್ಲಿನ ತುದೀಲೆ ಹೊಡಿತಾನ್ರಿ, ಕುರುಕ್ಷೇತ್ರ ಗೆದ್ದಾಂವ! ಇದಕ್ಕಿಂತ ದೊಡ್ಡ ಸಿಡ್ಲು ಬೇಕೇನು?

ಧಾರಾವಾಹಿಯೊಳಗಿನ 'ಸಾವಿರಾರು ವರ್ಷದ ಹಿಂದ' ಅಂದ್ರ ಎಷ್ಟು ಅಂತ ಕೇಳೀರಿ, ಇದು ಮಾತ್ರ ಖರೇ. ನಮ್ಮ ಐಹೊಳಿ ಮೇಗುತಿ ಗುಡ್ಡ ಹತ್ತಿ ನೋಡ್ರಿ, ಕ್ರಿ.ಶ. 634ರ ಶಾಸನದಾಗ ಕವಿ ರವಿಕೀರ್ತಿ ಭಾರತ ಯುದ್ಧ ಆಗಿ 3735 ವರ್ಷ, ಶಕ 556 ಅಂತ ಲೆಕ್ಕ ಹಾಕಿಟ್ಟಾನ. ಆಂವ ಜೈನ, ಕಟ್ಟಿಸಿದ್ದು ಜಿನಾಲಯ, ಹೊಗಳಿದ್ದು ಪುಲಕೇಶಿಯನ್ನ, ಆದ್ರ ವರ್ಷ ಎಣಿಸಿದ್ದು ಕೃಷ್ಣ ಇದ್ದಾಗಿನ ಆ ಯುದ್ಧದಿಂದ. (ಅದ ಶಾಸನದಾಗ ಹರ್ಷನ ಹರ್ಷ ಇಳೀತು ಅಂತ ಜೋಕ್ ಬ್ಯಾರೆ ಹೊಡದಾನ.) ನಮ್ಮ ಲೇಖಕರಿಗೂ ಹಂಗ ಒಂದು ಇಸವಿ ಹಿಡೀರಿ ಅಂತ ಹೇಳೇನಿ.

ನಂದೊಂದು ಮಾತು. ನಮ್ಮೂರು ಆಲಮಟ್ಟಿ ಹಿನ್ನೀರಿನ್ಯಾಗ ಮುಳಗೇತಿ. ಮಂದಿ ಕಟ್ಟು ತೊಲಿ, ಬಾಗಲ ಚೌಕಟ್ಟು ಸೈತ ಕಿತ್ಕೊಂಡು ಹ್ವಾಸ ಊರಿಗೆ ಹೋದ್ರು, ಹನಮಪ್ಪನ್ನ ಗಾದಿ ಹಾಸಿದ ಟ್ರ್ಯಾಕ್ಟರದಾಗ ಒಯ್ದರು. ಬ್ಯಾಸಗಿಗೆ ನೀರು ಇಳದಾಗ ಹಳೇ ಗುಡಿ ಮ್ಯಾಲ ಏಳತೈತಿ, ಮೂರ್ತಿ ಇದ್ದಲ್ಲಿ ಒಂದು ಚೌಕ ಕುಣಿ, ಅದರಾಗ ಗೇಣುದ್ದ ರಾಡಿ, ಶಂಖದ ಹುಳ. ಅವ್ವ ಅದರ ಮುಂದ ಕಾಯಿ ಕೊಟ್ಟು ಒಡಿ ಅಂದ್ಲು. ದೇವರು ಅಲ್ಲಿ ಹ್ವಾಸ ಗುಡ್ಯಾಗ ಐತಿ, ಇಲ್ಲಿ ಯಾರಿಗೆ ಬೇ ಅಂದೆ. 'ಸುಮ್ಮ ಒಡಿಯೋ, ಬಿಸಲ ಏರಾಕತ್ತೇತಿ' ಅಂದ್ಲು. ಧಾರಾವಾಹಿಯೊಳಗ ದೇವರು ಹೋದ ಊರಿನ ಮಂದಿ ಹಿಂಗ ಇರ್ಬೇಕು ಅನ್ನೂದು ನನ್ನ ಹಟ, ನಿಮಗ ಸಪ್ಪಗ ಕಂಡಿದ್ದು ಅದ ಇರ್ಬೇಕು.

ಕತ್ತರಿಸಿದ ಎರಡು ಸಾಲು ಮುಂದಿನ ಕಂತಿನ ಮೊದಲಿಗೇ ಹಾಕಸ್ತೀನಿ. ಪತ್ರ ಬರಿಯೂದು ಬಿಡಬ್ಯಾಡ್ರಿ, ಬೈಗುಳ ಮಾತ್ರ ಒಂದು ಪೇಜಿಗೆ ಇಳಸ್ರಿ.

— ಸಂಪಾದಕ