ಮಗನ ಇಂಗ್ಲಿಷ್ ಹಾಳಾಯ್ತಾ, ಟೀಚರ್?

ಪ್ರಶ್ನೆ: ಟೀಚರ್, ನಮಸ್ಕಾರ. ನಾನು ಸುರತ್ಕಲ್‌ನವಳು. ಮಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ, ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಮೊನ್ನೆ ಅವನು ಒಂದು ಕಂಪನಿಗೆ ಕೆಲಸ ಕೇಳಿ ಕಳಿಸಿದ ಇಮೇಲ್ ನೋಡಿದೆ. 'ಯು' ಅನ್ನೋದಕ್ಕೆ ಒಂದೇ ಅಕ್ಷರ, 'ಪ್ಲೀಸ್'ಗೆ ಮೂರೇ ಅಕ್ಷರ, ವಾಕ್ಯ ಮುಗಿದರೂ ಫುಲ್‌ಸ್ಟಾಪ್ ಇಲ್ಲ. ಕೇಳಿದರೆ "ಅಮ್ಮಾ, ಈಗ ಎಲ್ಲರೂ ಹೀಗೇ ಬರೆಯೋದು" ಅಂತಾನೆ. ಇಂಟರ್ನೆಟ್‌ನಿಂದ ಮಕ್ಕಳ ಇಂಗ್ಲಿಷ್ ಹಾಳಾಗಿದೆಯಾ? ಅಥವಾ ನಾನೇ ಹಳೇ ಕಾಲದವಳಾ?

ಉತ್ತರ: ನೀವು ಹಳೇ ಕಾಲದವರಲ್ಲ. ಆ ಇಮೇಲ್ ಖಂಡಿತ ತಪ್ಪು. ಆದರೆ ತಪ್ಪು ಎಲ್ಲಿದೆ ಅಂತ ಸರಿಯಾಗಿ ನೋಡಬೇಕು, ಇಲ್ಲದಿದ್ದರೆ ಸುಮ್ನೆ ಮಗನ ಜೊತೆ ಜಗಳ ಆಗುತ್ತದೆ.

ಮೊದಲು ಈ ಗಿಡ್ಡ ಮಾತುಗಳ ವಿಷಯ. ಇವು ಮೊಬೈಲ್‌ನ ಜೊತೆ ಹುಟ್ಟಿದವಲ್ಲ. ನಾವೆಲ್ಲ ದಿನಕ್ಕೆ ನೂರು ಸಲ ಹೇಳುವ 'ಓಕೆ' 1839ರಲ್ಲಿ ಅಮೆರಿಕದ ಬಾಸ್ಟನ್‌ನ ಪತ್ರಿಕೆಯೊಂದರಲ್ಲಿ ಬಂತು. 'ಆಲ್ ಕರೆಕ್ಟ್' ಅನ್ನೋದನ್ನು ತಮಾಷೆಗೆ ತಪ್ಪು ಸ್ಪೆಲ್ಲಿಂಗಿನಲ್ಲಿ ಬರೆದು, ಆ ಎರಡು ಪದಗಳ ಮೊದಲ ಅಕ್ಷರ, 'ಓ' ಮತ್ತು 'ಕೆ', ಮಾತ್ರ ಇಟ್ಟುಕೊಂಡಿದ್ದರು. 'ಓ ಮೈ ಗಾಡ್' ಅನ್ನೋದರ ಗಿಡ್ಡ ರೂಪ 'ಓಎಂಜಿ' 1917ರಲ್ಲಿ ಬ್ರಿಟನ್ನಿನ ಅಡ್ಮಿರಲ್ ಫಿಶರ್ ಚರ್ಚಿಲ್‌ಗೆ ಬರೆದ ಪತ್ರದಲ್ಲೇ ಇದೆ. ಆಮೇಲೆ ಎಸ್ಎಂಎಸ್ ಬಂತು. ಒಂದು ಮೆಸೇಜಿಗೆ 160 ಅಕ್ಷರ ಅಷ್ಟೇ, ಕನ್ನಡದಲ್ಲಿ ಬರೆದರೆ ಬರೀ 70. ಒಂದೊಂದು ಮೆಸೇಜಿಗೂ ದುಡ್ಡು ಕೊಡುತ್ತಿದ್ದ ಕಾಲದಲ್ಲಿ 'ಬಿಫೋರ್' ಅನ್ನೋದು 'ಬಿ4' ಆಗಿದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ? ಈಗ ಆ ಮಿತಿ ಹೋಗಿದೆ, ಅಭ್ಯಾಸ ಮಾತ್ರ ಉಳಿದಿದೆ.

ಇನ್ನೊಂದು ಮಾತು. ನಮ್ಮ ಊರಿನವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ನಾವು ಬಸ್ಸಿನಲ್ಲಿ ಕಂಡಕ್ಟರ್ ಜೊತೆ ತುಳು ಮಾತಾಡುತ್ತೇವೆ, ಪಕ್ಕದ ಮನೆಯವರ ಜೊತೆ ಕೊಂಕಣಿಯೋ ಬ್ಯಾರಿಯೋ ಆಗುತ್ತದೆ, ಶಾಲೆಯ ಮೀಟಿಂಗಿಗೆ ಹೋದರೆ ಕನ್ನಡ. ಯಾವುದೂ ಕೀಳಲ್ಲ, ಯಾವುದೂ ಹೆಚ್ಚಲ್ಲ. ಎದುರಿಗೆ ಯಾರಿದ್ದಾರೆ ಅಂತ ನೋಡಿ ನಾಲಗೆ ತಾನಾಗಿ ತಿರುಗುತ್ತದೆ. ಚಾಟಿಂಗ್ ಇಂಗ್ಲಿಷ್ ಕೂಡ ಹಾಗೇ ಒಂದು ಭಾಷೆ, ಗೆಳೆಯರ ನಡುವೆ ಅದು ಚೆನ್ನಾಗಿಯೇ ಇರುತ್ತದೆ. ನಿಮ್ಮ ಮಗ ಅದನ್ನು ಗುರುತೇ ಇಲ್ಲದವರ ಮುಂದೆ ಇಟ್ಟಿದ್ದಾನೆ. ತುಳು, ಕನ್ನಡದಲ್ಲಿ ಅವನು ಹೀಗೆ ಎಂದೂ ಮಾಡಿರಲಾರ. ಅವನಿಗೆ ಇಷ್ಟು ಹೇಳಿ, ಬೈಯಬೇಡಿ.

ನನಗೆ ನಿಜವಾಗಿ ನೋವು ಕೊಡುವುದು ಬೇರೆ ವಿಷಯ. ಬರೆದದ್ದನ್ನು ಎರಡನೇ ಸಲ ಓದುವವರೇ ಇಲ್ಲ. 1894ರಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ, ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಆಗ ಮೊಳೆ ಜೋಡಿಸುವವರು ಒಬ್ಬರು, ಕರಡು ತಿದ್ದುವವರು ಇನ್ನೊಬ್ಬರು, ಅಚ್ಚಿಗೆ ಹೋಗುವ ಮೊದಲು ಮತ್ತೆ ನೋಡುವವರು ಮತ್ತೊಬ್ಬರು. ಅಷ್ಟು ಕಣ್ಣು ದಾಟಿದ ಇಂಗ್ಲಿಷನ್ನು ಓದಿ ನಾವು ಬೆಳೆದೆವು, ಹಾಗಾಗಿ ಎಲ್ಲರೂ ಅಷ್ಟು ಚೆನ್ನಾಗಿ ಬರೆಯುತ್ತಿದ್ದರು ಅಂದುಕೊಂಡೆವು. ಇಲ್ಲ. ಎಷ್ಟೋ ವರ್ಷ ಉಡುಪಿಯಲ್ಲಿ ಇಂಗ್ಲಿಷ್ ಉತ್ತರ ಪತ್ರಿಕೆ ತಿದ್ದಿದವಳು ನಾನು, ಮೊಬೈಲ್ ಇಲ್ಲದ ಕಾಲದಲ್ಲೂ ತಪ್ಪುಗಳು ರಾಶಿ ರಾಶಿ ಇದ್ದವು. ಆಗ ಅವು ನನ್ನ ಮೇಜಿನಲ್ಲೇ ಉಳಿಯುತ್ತಿದ್ದವು, ಈಗ ಊರಿಗೆಲ್ಲ ಕಾಣುತ್ತವೆ.

ಇನ್ನು, ಇಂಗ್ಲಿಷ್ ತಾಯ್ನುಡಿಯವರೂ ತಪ್ಪು ಮಾಡುತ್ತಾರೆ. 'ಶುಡ್ ಹ್ಯಾವ್' ಬದಲು 'ಶುಡ್ ಆಫ್' ಅಂತ ಬರೆಯುವವರು ಹೆಚ್ಚಾಗಿ ಅವರೇ, ಯಾಕೆಂದರೆ ಅವರು ಮೊದಲು ಕಿವಿಯಿಂದ ಕಲಿತವರು. ನಾವು ಪುಸ್ತಕ ನೋಡಿ ಕಲಿತವರು, ನಮ್ಮ ತಪ್ಪು ಕನ್ನಡದಿಂದ ಬರುತ್ತದೆ. 'ಆ ವಿಷಯದ ಬಗ್ಗೆ ಚರ್ಚಿಸೋಣ' ಅನ್ನುವ 'ಬಗ್ಗೆ'ಯೇ 'ಡಿಸ್ಕಸ್' ಹಿಂದೆ 'ಅಬೌಟ್' ಆಗಿ ಕೂರುತ್ತದೆ. ಅಲ್ಲಿ 'ಅಬೌಟ್' ಬೇಡ. ಕಂಪ್ಯೂಟರಿನ ಕೆಂಪು ಗೆರೆ ಸ್ಪೆಲ್ಲಿಂಗ್ ಮಾತ್ರ ನೋಡಿದರೆ ಇದು ಸಿಗುವುದಿಲ್ಲ, ಅಲ್ಲಿ ಪ್ರತಿ ಪದವೂ ಸರಿಯಾಗಿಯೇ ಇದೆಯಲ್ಲ. ಮಗ ಇಮೇಲನ್ನು ಬರೆದು, ಒಂದು ಚಾ ಕುಡಿದು ಬಂದು, ದೊಡ್ಡ ದನಿಯಲ್ಲಿ ಓದಲಿ. ಆಮೇಲೆ ಕಳಿಸಲಿ.

ಪ್ರಶ್ನೆ: 'ಕಲರ್' ಪದದಲ್ಲಿ 'ಯು' ಇರಬೇಕಾ ಬೇಡವಾ? ನಾನು ಹಾಕಿದರೆ ಫೋನ್ ತೆಗೆಯುತ್ತದೆ. (ಕುಂದಾಪುರದಿಂದ)

ಉತ್ತರ: ಎರಡೂ ಸರಿ. 'ಯು' ಇದ್ದರೆ ಬ್ರಿಟಿಷ್, ಇಲ್ಲದಿದ್ದರೆ ಅಮೆರಿಕನ್. ಅಮೆರಿಕದ ಸ್ಪೆಲ್ಲಿಂಗ್ ಗಟ್ಟಿಯಾಗಲು ನೋವಾ ವೆಬ್‌ಸ್ಟರ್ 1828ರಲ್ಲಿ ತಂದ ನಿಘಂಟು ದೊಡ್ಡ ಕಾರಣ. ಫ್ರೆಂಚ್ ಭಾಷೆಗೆ 1635ರಿಂದ ಒಂದು ಅಕಾಡೆಮಿ ಇದೆ, ಇಂಗ್ಲಿಷಿಗೆ ಅಂಥ ಯಜಮಾನರು ಯಾರೂ ಇಲ್ಲ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ. ಫೋನಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾಷೆಯನ್ನು ಬ್ರಿಟನ್ನಿನ ಇಂಗ್ಲಿಷಿಗೆ ಬದಲಿಸಿ.

ಪ್ರಶ್ನೆ: ಟೀಚರ್, ಕೆಲಸದ ಅರ್ಜಿಯನ್ನು ಎಐ ಹತ್ತಿರ ಬರೆಸಿದರೆ ತಪ್ಪಾ? (ಕಾರ್ಕಳದಿಂದ)

ಉತ್ತರ: ತಿದ್ದಿಸಿ, ಬರೆಸಬೇಡಿ. ಮೊದಲು ನಿಮಗೆ ಬಂದ ಇಂಗ್ಲಿಷಿನಲ್ಲೇ ಬರೆಯಿರಿ, ಯಾವ ವಾಕ್ಯ ಯಾಕೆ ತಪ್ಪು ಅಂತ ಅದಕ್ಕೆ ಕೇಳಿ, ಆಮೇಲೆ ನೀವೇ ಬದಲಿಸಿ. ಪೂರ್ತಿ ಅದರ ಕೈಯಲ್ಲೇ ಬರೆಸಿದರೆ, ಇಂಟರ್‌ವ್ಯೂನಲ್ಲಿ "ಇಲ್ಲಿ ನೀವು ಬರೆದ ಈ ಸಾಲು ಏನು?" ಅಂತ ಕೇಳಿದಾಗ ಉತ್ತರ ಕೊಡಬೇಕಾದವರು ನೀವು. ನಿಮ್ಮ ಕರಡನ್ನು ನನಗೂ ಕಳಿಸಿ, ನೋಡುತ್ತೇನೆ.