ಕಪ್ಪಾದ ನಾಣ್ಯವನ್ನು ಉಜ್ಜಬಹುದೇ?

ಪ್ರಶ್ನೆ: ಅಜ್ಜ ಬಿಟ್ಟುಹೋದ ಡಬ್ಬಿಯಲ್ಲಿ ಕೆಲವು ಬೆಳ್ಳಿ, ತಾಮ್ರದ ನಾಣ್ಯಗಳಿವೆ. ಬೆಳ್ಳಿಯವುಗಳ ಅಂಚಿಗೆ ನೀಲಿ, ನೇರಳೆ ಬಣ್ಣ ಬಂದಿದೆ. ಒಂದರ ಮೇಲೆ ಅಡ್ಡಲಾಗಿ ಕಪ್ಪು ಗೆರೆ. ತಾಮ್ರದ ಒಂದಕ್ಕೆ ಹಸಿರು ಚುಕ್ಕೆಗಳಾಗಿವೆ. ಹಲ್ಲುಪುಡಿಯಿಂದ ಉಜ್ಜಿ ಹೊಳಪು ತಂದರೆ ಬೆಲೆ ಹೆಚ್ಚುವುದೇ?

ಉತ್ತರ: ಹಲ್ಲುಪುಡಿ ಹಲ್ಲಿಗೇ ಇರಲಿ. ಬೆಳ್ಳಿಯ ಮೇಲಿನ ಆ ಬಣ್ಣ ಕೊಳೆಯಲ್ಲ. ಗಾಳಿಯಲ್ಲಿ ಅತ್ಯಲ್ಪವಾಗಿರುವ, ಗಂಧಕವುಳ್ಳ ಹೈಡ್ರೋಜನ್ ಸಲ್ಫೈಡ್ ಅನಿಲ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಪದರ ಕಟ್ಟುತ್ತದೆ. ಪದರ ತೆಳುವಾಗಿದ್ದಾಗ ಅದರ ಮೇಲಿನಿಂದಲೂ ತಳದಿಂದಲೂ ಮರಳಿದ ಬೆಳಕು ಬೆರೆತು, ನೀರಿನ ಮೇಲಿನ ಎಣ್ಣೆಯಂತೆ, ಬಣ್ಣ ಕಾಣಿಸುತ್ತದೆ: ಮೊದಲು ತಿಳಿಹಳದಿ, ಆಮೇಲೆ ನೇರಳೆಗೆಂಪು, ನೀಲಿ, ತೀರಾ ದಪ್ಪವಾದರೆ ಕಪ್ಪು. ಆ ಅಡ್ಡಗೆರೆ ಬಹುಶಃ ಯಾರೋ ಸುತ್ತಿಟ್ಟ ರಬ್ಬರ್ ಬ್ಯಾಂಡಿನದು. ರಬ್ಬರಿನಲ್ಲೂ ಗಂಧಕವಿರುತ್ತದೆ.

ಈ ಪದರದಲ್ಲಿ ನಾಣ್ಯದ ಬೆಳ್ಳಿಯೇ ಇದೆ. ಉಜ್ಜಿದರೆ ಬಣ್ಣದೊಂದಿಗೆ ಅದೂ ಹೋಗುತ್ತದೆ. ಟಂಕಿಸುವಾಗ ಅಚ್ಚಿನ ಒತ್ತಡಕ್ಕೆ ಲೋಹ ಹರಿದು ಮೂಡಿದ ನವಿರಾದ ಗೆರೆಗಳೂ ಸವೆಯುತ್ತವೆ. ಹೊಸ ನಾಣ್ಯವನ್ನು ದೀಪದಡಿ ಓರೆಯಾಗಿಸಿದರೆ ಹೊಳಪು ಸುತ್ತ ತಿರುಗುವುದು ಈ ಗೆರೆಗಳಿಂದ. ಉಜ್ಜಿದ ನಾಣ್ಯ ಎತ್ತ ತಿರುಗಿಸಿದರೂ ಒಂದೇ ಥರ ಫಳಫಳ ಎನ್ನುತ್ತದೆ. ಭೂತಗನ್ನಡಿ ಹಿಡಿದರೆ ಮೈತುಂಬ ಗೀರು. ಅನುಭವಿ ಸಂಗ್ರಾಹಕ ಅದನ್ನು ಕಂಡೊಡನೆ ಬೆಲೆ ಇಳಿಸುತ್ತಾನೆ.

ಕಾಮನಬಿಲ್ಲಿನ ಬಣ್ಣಕ್ಕೆ ಹೆಚ್ಚು ಕೊಡುವವರಿದ್ದಾರೆ. ಹಾಗಾಗಿಯೇ ಗಂಧಕ ಸವರಿ, ಬಿಸಿ ಮಾಡಿ ಬಣ್ಣ ಬರಿಸುವವರೂ ಇದ್ದಾರೆ. ಹಳದಿಯ ಹಂತವೇ ಇಲ್ಲದೆ ಥಟ್ಟನೆ ಗಾಢ ನೀಲಿ ಕಂಡರೆ ನಾನಂತೂ ಅನುಮಾನಿಸುತ್ತೇನೆ. ನನ್ನ ಮಟ್ಟಿಗೆ, ಸಮನಾಗಿ ಬೂದಾದ ನಾಣ್ಯವೇ ಚೆಂದ.

ನಿಮ್ಮ ತಾಮ್ರದ ನಾಣ್ಯದ ವಿಷಯ ಬೇರೆ. ತಾಮ್ರ ಕಂದಾಗುವುದು ಆಕ್ಸೈಡಿನಿಂದ, ಅದು ಇರಲಿ. ಗಟ್ಟಿಯಾಗಿ ಅಂಟಿಕೊಂಡ ನಯವಾದ ಹಸಿರಿಗೂ ಗಾಬರಿ ಬೇಡ. ಆದರೆ ಚುಕ್ಕೆ ತಿಳಿಹಸಿರಾಗಿದ್ದು, ಬಿದಿರುಕಡ್ಡಿ ತಾಗಿಸಿದರೆ ಪುಡಿಯಾಗಿ ಉದುರಿ, ಮತ್ತೆ ಹುಟ್ಟುತ್ತಿದ್ದರೆ ಅದು ಸಂಗ್ರಾಹಕರು ಕಂಚಿನ ರೋಗ ಎನ್ನುವ ಕಿಲುಬು. ಒಳಗಿರುವ ಕ್ಲೋರೈಡ್ ತೇವ ಸಿಕ್ಕೊಡನೆ ಆಮ್ಲವಾಗಿ ತಾಮ್ರವನ್ನು ತಿನ್ನುತ್ತದೆ, ತಿಂದಂತೆಲ್ಲ ಮತ್ತೆ ಕ್ಲೋರೈಡ್ ಆಗುತ್ತದೆ. ಆ ನಾಣ್ಯವನ್ನು ಇಂದೇ ಬೇರೆ ಮಾಡಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಟ್ಟು, ನಾಣ್ಯ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಹಸಿರು ಅಂಟಂಟಾಗಿದ್ದರೆ ಮಾತ್ರ ಕಾರಣ ಮತ್ತೊಂದು: ಪಿವಿಸಿ ಪ್ಲಾಸ್ಟಿಕ್ ಚೀಲ. ಅದು ಶುದ್ಧ ಅಸಿಟೋನ್‌ನಲ್ಲಿ ನೆನೆಸಿದರೆ ಬಿಡುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಉಗುರುಬಣ್ಣ ತೆಗೆಯುವ ದ್ರಾವಣವನ್ನು ಬಳಸಬೇಡಿ, ಅದರಲ್ಲಿ ಬೇರೇನೇನೋ ಬೆರೆಸಿರುತ್ತಾರೆ. ಇನ್ನು ಮುಂದೆ ಪಾಲಿಯೆಸ್ಟರ್ ಹಾಳೆಯ ಹೊದಿಕೆಯಲ್ಲಿಡಿ, ಹಿಡಿಯುವಾಗ ಅಂಚನ್ನಷ್ಟೇ ಹಿಡಿಯಿರಿ.