ಕೇಪಿನ ಕೋವಿಯ ಮರ ಕುತ್ತಿಗೆಯಲ್ಲಿ ಬಿರುಕು ಬಿಟ್ಟಿದೆ, ಮನೆಯಲ್ಲೇ ಸರಿಮಾಡಬಹುದಾ?

ಮಾಡಬಹುದು. ನೀವು ಬರೆದಿರುವ ಪ್ರಕಾರ ನಿಮ್ಮದು ಓಹಾಯೋದಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ .50 ಕ್ಯಾಲಿಬರ್ ಹಾಕೆನ್ ಎಂಬ ಹಳೇ ಅಮೆರಿಕನ್ ಕೋವಿಯ ಮಾದರಿ, ಬಾಯಿಯಿಂದ ಮದ್ದು ತುಂಬುವ ಕೋವಿ. ನಳಿಗೆಯ ಹಿಂದೆ ಚಾಚಿದ ಕಬ್ಬಿಣದ ಪಟ್ಟಿಯ (ಟ್ಯಾಂಗ್) ಹಿಂದೆ ಕೂದಲೆಳೆಯಷ್ಟು ಬಿರುಕು, ನಳಿಗೆಯೂ ಸ್ವಲ್ಪ ಅಲ್ಲಾಡುತ್ತದೆ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ, ನನ್ನ ಮೂರು ಕೋವಿಗಳಿಗೆ ಇದೇ ಕೆಲಸ ಮಾಡಿದ್ದೇನೆ. ಒಂದೇ ಮಾತು: ಬಿರುಕಿಗೆ ಅಂಟು ಹಾಕಿ ಸುಮ್ಮನಾಗಬೇಡಿ. ನಿಮ್ಮ ಬಿರುಕು, ಆ ಅಲ್ಲಾಟ, ಎರಡೂ ಒಂದೇ ಕಾಯಿಲೆ.

ಎಲ್ಲಕ್ಕಿಂತ ಮೊದಲು ಕೋವಿ ಖಾಲಿ ಇದೆಯಾ ನೋಡಿ. ಗಜವನ್ನು (ಮದ್ದು ಒತ್ತುವ ಕಡ್ಡಿ) ನಳಿಗೆಯ ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಹೊರಗೆ ತೆಗೆದು ಅದೇ ಗುರುತಿಗೆ ಸರಿಯಾಗಿ ನಳಿಗೆಯ ಪಕ್ಕದಲ್ಲಿ ಹಿಡಿಯಿರಿ. ಗಜದ ತುದಿ ಕೇಪು ಕೂರುವ ನಿಪ್ಪಲ್ ಹತ್ತಿರ ಬರಬೇಕು. ಬ್ರೀಚ್, ಅಂದರೆ ನಳಿಗೆಯ ಮುಚ್ಚಿದ ಹಿಂತುದಿ, ಒಳಗೆ ಕಿರಿದಾಗಿರುವ ಮಾದರಿಗಳಲ್ಲಿ ಸ್ವಲ್ಪ ಮೊದಲೇ ನಿಲ್ಲುವುದುಂಟು. ಆದರೆ ಅನುಮಾನ ಬಂದರೆ ಮುಟ್ಟಬೇಡಿ, ಗನ್‌ಸ್ಮಿತ್ ಹತ್ತಿರ ಕೊಂಡೊಯ್ಯಿರಿ. ಹಳೇ ಕೋವಿಯೊಳಗೆ ಯಾರೋ ತುಂಬಿಟ್ಟ ಮದ್ದು ವರ್ಷಗಟ್ಟಲೆ ಹಾಗೇ ಕೂತಿರುತ್ತದೆ.

ಈಗ ಕಾಯಿಲೆಯ ವಿಷಯ. ಹೊಡೆದಾಗ ನಳಿಗೆ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ತಡೆಯಬೇಕಾದದ್ದು ಬ್ರೀಚಿನ ಹಿಂಬದಿಯ ಅಗಲವಾದ ಮುಖ. ಅದು ಪೂರ್ತಿಯಾಗಿ ಮರಕ್ಕೆ ಒತ್ತಿಕೊಂಡಿರಬೇಕು. ಅಲ್ಲಿಂದ ಬಾಲದ ಹಾಗೆ ಹಿಂದಕ್ಕೆ ಚಾಚಿದ ಪಟ್ಟಿಯೇ ಟ್ಯಾಂಗ್. ಅದರ ತುದಿ ಮಾತ್ರ ಮರಕ್ಕೆ ತಾಗಬಾರದು. ಬ್ರೀಚ್ ಹಿಂದೆ ಸಂದು ಬಿಟ್ಟುಕೊಂಡರೆ ಪೂರ್ತಿ ಹೊಡೆತ ಟ್ಯಾಂಗ್ ತುದಿಗೆ ಬೀಳುತ್ತದೆ, ಸೌದೆಗೆ ಬೆಣೆ ಹೊಡೆದ ಹಾಗೆ. ಕುತ್ತಿಗೆ ಹೇಗೂ ಮರದಲ್ಲೇ ಸಣ್ಣ ಜಾಗ, ಅದರ ಮುಂದೆಯೇ ಲಾಕ್‌ಗೋಸ್ಕರ (ಕೇಪಿಗೆ ಹೊಡೆಯುವ ಯಂತ್ರ) ಕೊರೆದ ಗುಂಡಿ ಬೇರೆ. ಸೀಳದೆ ಇನ್ನೇನಾಗುತ್ತೆ? ನನ್ನ ಮೊದಲ ಕೋವಿಗೆ ಬಿರುಕನ್ನಷ್ಟೇ ಅಂಟಿಸಿದ್ದೆ. ನಾಲ್ಕು ತಿಂಗಳಿಗೆ ಮತ್ತೆ ಸೀಳು. ಅಂಟು ಬಿಟ್ಟಿರಲಿಲ್ಲ, ಅದರ ಪಕ್ಕದ ಗಟ್ಟಿ ಮರವೇ ಸೀಳಿತ್ತು.

ಎಲ್ಲಿ ತಾಗುತ್ತಿದೆ ಅಂತ ತಿಳಿಯಲು ಅಂಗಡಿಯಲ್ಲಿ ಕಪ್ಪು ಪೇಸ್ಟ್ ಸಿಗುತ್ತದೆ. ಅದು ಎಣ್ಣೆಯಲ್ಲಿ ಕಲಸಿದ ದೀಪದ ಮಸಿ, ನಮ್ಮ ಕಾಡಿಗೆ! ನಾನು ಮನೆಯ ಕಾಡಿಗೆಯನ್ನೇ ತೆಳ್ಳಗೆ ಬ್ರೀಚಿಗೂ ಟ್ಯಾಂಗಿಗೂ ಸವರಿ, ಮರದಲ್ಲಿ ಕೂರಿಸಿ, ತೆಗೆದು ನೋಡುತ್ತೇನೆ. ಕಪ್ಪು ಹತ್ತಿದ ಕಡೆ ಭಾರ ಬೀಳುತ್ತಿದೆ ಅಂತ ಅರ್ಥ. ನನ್ನ ಕೋವಿಯಲ್ಲಿ ಟ್ಯಾಂಗ್ ತುದಿಯಲ್ಲಿ ಉಗುರಿನಷ್ಟು ಕಪ್ಪು ಇತ್ತು, ಬ್ರೀಚಿನ ಜಾಗ ಬಿಳಿಯಾಗೇ ಉಳಿದಿತ್ತು. ಪರೀಕ್ಷೆ ಮುಗಿದ ಮೇಲೆ ಆ ಕಾಡಿಗೆಯನ್ನು ಚೆನ್ನಾಗಿ ಒರೆಸಿ ತೆಗೆಯಿರಿ.

ಮೊದಲು ಬಿರುಕು ಮುಗಿಸಿ. ಮರ ಎಣ್ಣೆ ಕುಡಿದಿದ್ದರೆ ಎಪಾಕ್ಸಿ (ಎರಡು ಭಾಗ ಕಲಸಿ ಹಾಕುವ ಗಟ್ಟಿ ಅಂಟು) ಹಿಡಿಯುವುದಿಲ್ಲ. ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಕೆರೆಯಿರಿ. ಪುಡಿ ಹಳದಿ ಬರುವುದು ನಿಲ್ಲುವ ತನಕ ಮಾಡಿ. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡವೇ ಬೇಡ. ಆಮೇಲೆ ಟ್ಯಾಂಗ್ ಕೂರುವ ಕಾಲುವೆಯ ಒಳಗಿಂದ, ಬಿರುಕನ್ನು ಓರೆಯಾಗಿ ದಾಟುವಂತೆ ಒಂದೆರಡು ಸಣ್ಣ ತೂತು ಕೊರೆಯಿರಿ. ಲಾಕ್ ಗುಂಡಿಗೂ ಟ್ಯಾಂಗ್ ಬೋಲ್ಟಿಗೂ ಹೋಗಿ ಸೇರಬಾರದು. ಅವಕ್ಕೆ 1/8 ಇಂಚಿನ ಥ್ರೆಡ್ ಇರುವ ಹಿತ್ತಾಳೆ ಕಡ್ಡಿ. ನುಣುಪಾದ ಕಡ್ಡಿ ಬೇಡ, ಥ್ರೆಡ್ ಇದ್ದರೆ ಎಪಾಕ್ಸಿಗೆ ಕಚ್ಚಿಕೊಳ್ಳಲು ಜಾಗ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನೇ ತೆಗೆದುಕೊಳ್ಳಿ, ಐದು ನಿಮಿಷದ್ದು ಬೇಡ. ಹೇರ್ ಡ್ರೈಯರ್‌ನಿಂದ ಮೆಲ್ಲಗೆ ಬಿಸಿ ಕೊಟ್ಟರೆ ನೀರಾಗಿ ಬಿರುಕಿನೊಳಗೆ ಇಳಿಯುತ್ತದೆ. ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ, ಒಂದು ದಿನ ಬಿಡಿ.

ಬೆಡ್ಡಿಂಗ್, ಅಂದರೆ ಬ್ರೀಚ್ ಕೂರುವ ಜಾಗಕ್ಕೆ ಎಪಾಕ್ಸಿ ತುಂಬಿ ಅದು ಮರಕ್ಕೆ ಪೂರ್ತಿ ತಾಗುವಂತೆ ಕೂರಿಸುವುದು, ಇನ್ನೊಂದು ದಿನದ ಕೆಲಸ. ಬ್ರೀಚ್ ಕೂರುವ ಜಾಗದಲ್ಲಿ, ಅಲ್ಲಿಂದ ಮುಂದೆ ನಳಿಗೆಯ ಕೆಳಗೆ ಮೂರು ಇಂಚಿನಷ್ಟು, ಮರವನ್ನು ತೆಳ್ಳಗೆ ಕೆರೆದು ಒರಟು ಮಾಡಿ. ನಾನು ಬಳಸುವುದು ಆಕ್ರಾಗ್ಲಾಸ್ ಜೆಲ್ ಅನ್ನುವ ಬೆಡ್ಡಿಂಗ್ ಎಪಾಕ್ಸಿ, ಅದರ ಎರಡು ಭಾಗವೂ ಸಮಪಾಲು. ನೀರಾಗಿರುವ ಹಳೇ ಆಕ್ರಾಗ್ಲಾಸ್ ಆದರೆ 4ಕ್ಕೆ 1. ಅಳತೆ ತಪ್ಪಿದರೆ ಅಂಟಂಟಾಗೇ ಉಳಿದುಬಿಡುತ್ತದೆ. ಕಬ್ಬಿಣಕ್ಕೆಲ್ಲ ಎರಡು ಸಲ ಮೇಣ ಹಚ್ಚಿ. ಬೋಲ್ಟಿನ ಥ್ರೆಡ್ ಮರೆಯಬೇಡಿ, ಮೇಣ ಇಲ್ಲದ ಒಂದು ಬೋಲ್ಟ್ ಸಾಕು, ಕೋವಿ ಬಿಚ್ಚಲಾಗದೆ ಕೂರುತ್ತದೆ. ತೂತು, ಗುಂಡಿಗಳನ್ನು ಮಕ್ಕಳ ಆಟದ ಮೇಣಜೇಡಿಯಿಂದ ಮುಚ್ಚಿ. ಟ್ಯಾಂಗಿನ ಹಿಂತುದಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿ. ಕೊನೆಗೆ ಟೇಪ್ ತೆಗೆದಾಗ ಅಷ್ಟೇ ಸಂದು ಉಳಿಯುತ್ತದೆ, ನಿಮಗೆ ಬೇಕಾದದ್ದೂ ಅಷ್ಟೇ. ಬೋಲ್ಟ್ ಬಿಗಿಯಬೇಡಿ, ನಳಿಗೆ ತಾನಾಗಿ ಕೂರುವಷ್ಟು ಸಾಕು. ಹೊರಗೆ ಉಕ್ಕಿದ್ದನ್ನು ವಿನೆಗರ್ ಬಟ್ಟೆಯಲ್ಲಿ ಒರೆಸಿ. ಮರುದಿನ ನಳಿಗೆಯ ಬಾಯಿ ಹಿಡಿದು ಮೇಲಕ್ಕೆತ್ತಿದರೆ ಟಪ್ ಅಂತ ಬಿಡುತ್ತದೆ. ಆ ಸದ್ದು ಕೇಳಿದಾಗ ಆಗುವ ಖುಷಿಯೇ ಬೇರೆ.

ನಳಿಗೆ ಪೂರ್ತಿ ಉದ್ದಕ್ಕೂ ಎಪಾಕ್ಸಿ ಸುರಿಯುವವರಿದ್ದಾರೆ. ನನಗದು ಇಷ್ಟವಿಲ್ಲ. ಮಳೆಗಾಲಕ್ಕೆ ಮರ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಅದಕ್ಕೆ ಅವಕಾಶ ಇರಬೇಕು ಅಲ್ವಾ?

ಇನ್ನೊಂದು ವಿಷಯ. ಸೇಂಟ್ ಲೂಯಿಸ್‌ನ ಹಾಕೆನ್ ಅಣ್ಣತಮ್ಮಂದಿರು ಮಾಡುತ್ತಿದ್ದ ಅಸಲಿ ಕೋವಿಯಲ್ಲಿ ಮೇಲೆ ಉದ್ದದ ಟ್ಯಾಂಗ್, ಕೆಳಗೆ ಟ್ರಿಗರಿನ ಉದ್ದ ಪಟ್ಟಿ, ಎರಡನ್ನೂ ಸೇರಿಸುವ ಬೋಲ್ಟ್. ಕುತ್ತಿಗೆ ಎರಡು ಕಬ್ಬಿಣದ ನಡುವೆ ಭದ್ರ. ಈಗಿನ ಎಷ್ಟೋ ಮಾದರಿಗಳಲ್ಲಿ ಟ್ಯಾಂಗ್ ಮೋಟು. ನಿಮ್ಮದೂ ಹಾಗಿದ್ದರೆ ಹಿತ್ತಾಳೆ ಕಡ್ಡಿ ಹಾಕಲೇಬೇಕು.

ಭಾರತದಲ್ಲಿರುವ ನಮ್ಮ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ: ಮನೆಯಲ್ಲಿ ಮಾಡಬೇಡಿ. 1959ರ ಆಯುಧ ಕಾಯ್ದೆಯಲ್ಲಿ ಕೋವಿ ರಿಪೇರಿಗೂ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಲೈಸೆನ್ಸ್ ಇರುವ ಅಂಗಡಿಗೇ ಕೊಡಿ.

ಕೆಲಸ ಮುಗಿದು ಒಂದು ವಾರ ಕಳೆದ ಮೇಲೆ ಹೊಡೆದು ನೋಡಿ. ಕಪ್ಪು ಮದ್ದು, ಇಲ್ಲವೇ ಅದರ ಬದಲಿಗೆಂದೇ ಮಾರುವ ಮದ್ದು ಮಾತ್ರ. ಸ್ಮೋಕ್‌ಲೆಸ್ ಪೌಡರ್ (ಈಗಿನ ತೋಟಾಗಳಲ್ಲಿರುವ ಮದ್ದು) ಚಿಟಿಕೆಯಷ್ಟೂ ಬೇಡ, ನಳಿಗೆಯೇ ಒಡೆಯುತ್ತದೆ. ಶುರುವಿಗೆ ಕಡಿಮೆ ಮದ್ದು ಹಾಕಿ, ಹತ್ತು ಗುಂಡಾದ ಮೇಲೆ ಬಿಚ್ಚಿ ಮತ್ತೆ ಕಾಡಿಗೆ ಸವರಿ ಕೂರಿಸಿ. ಟ್ಯಾಂಗ್ ತುದಿಯ ಮರ ಬಿಳಿಯಾಗೇ ಇದ್ದು, ಬ್ರೀಚಿನ ಜಾಗ ಪೂರ್ತಿ ಕಪ್ಪಾಗಿದ್ದರೆ ಒಂದು ಫೋಟೋ ಇಲ್ಲಿ ಹಾಕಿ. ನನಗೂ ನೋಡುವ ಆಸೆ.